ಮಕ್ಕಳ ವಾರ್ಡಿನ ಜೀಪಿಗೆ ಚಾಲಕರ ನೇಮಕ

ಮಾರ್ಚ್ ಹನ್ನೊಂದರಂದು ಯಾಲಂಗಾ ಆಸ್ಪತ್ರೆಯ ಮಕ್ಕಳ ವಾರ್ಡಿನ ಆಟದ ಜೀಪನ್ನು ಅಧಿಕೃತ ವಾಹನವೆಂದು ಘೋಷಿಸಲಾಯಿತು. ಅದಕ್ಕೆ ನಾಲ್ಕು ಚಕ್ರ, ಒಂದು ಬ್ಯಾಟರಿ ಇತ್ತು. ನಿಯಮಕ್ಕೆ ಅಷ್ಟು ಸಾಕು.

ಆಪರೇಷನ್‌ಗೆ ಹೋಗುವ ಮಕ್ಕಳು ಅದನ್ನು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಅಳುತ್ತಿರಲಿಲ್ಲ. ಆದರೆ ಅಧಿಕೃತ ವಾಹನವನ್ನು ರೋಗಿ ಓಡಿಸುವಂತಿಲ್ಲ, ನೌಕರರೇ ಓಡಿಸಬೇಕು. ವಾರ್ಡಿನ ಅಟೆಂಡರ್ ನಾನು. ಕೂತು ನೋಡಿದೆ. ಒಂದು ಕಾಲು ಮಾತ್ರ ಒಳಗೆ ಹಿಡಿಯಿತು.

"ವಾಹನ ಸುಸ್ಥಿತಿಯಲ್ಲಿದೆ. ಚಾಲಕರ ಗಾತ್ರ ಹೆಚ್ಚಾಗಿದೆ" ಎಂದು ನೊಲೀನ್ ಬರೆದುಕೊಂಡರು. ವಾಹನ ವಿಭಾಗ ಅವರೇ. ಸಿಬ್ಬಂದಿ ವಿಭಾಗವೂ ಅವರೇ. ಅದಕ್ಕೆ ಬೇರೆ ಕುರ್ಚಿ ಇದೆ.

ಮರುದಿನ ಬ್ರಿಯೊನಿ ಬಂದಳು. ನಾಲ್ಕು ವರ್ಷ. ಟಾನ್ಸಿಲ್ ತೆಗೆಯಬೇಕು. ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ತಾಯಿ ಟ್ಯಾಮ್ಸಿನ್ ಹದಿನಾಲ್ಕು ತಿಂಗಳು ಸರದಿಗೆ ಕಾದಿದ್ದಳು. ಸರ್ಜನ್ ಅಡಿಲೇಡಿನಿಂದ ತಿಂಗಳಿಗೊಮ್ಮೆ ಬರುತ್ತಾರೆ, ನಾಲ್ಕರ ವಿಮಾನಕ್ಕೆ ಹೊರಡುತ್ತಾರೆ.

"ಜೀಪಲ್ಲೇ ಹೋಗ್ತೀನಿ," ಎಂದು ಬ್ರಿಯೊನಿ ಮಂಚದ ಸರಳು ಹಿಡಿದಳು.

"ನಾನು ಎತ್ಕೊಂಡು ಹೋಗ್ತೀನಿ, ಬಾ ಪುಟ್ಟಿ," ಎಂದೆ.

"ಲೆಸ್ ತಾತ, ನಿನ್ ಮೂಗಲ್ಲಿ ಕೂದ್ಲಿದೆ. ಬರಲ್ಲ."

ನೊಲೀನ್ ಕುರ್ಚಿ ಬದಲಿಸಿದರು. ಅವಳನ್ನು ತಾತ್ಕಾಲಿಕ ಚಾಲಕಿಯಾಗಿ ನೇಮಿಸಿದರು. ಅನುಭವ: ಅಜ್ಜಿಯ ಅಂಗಳದಲ್ಲಿ ಎರಡು ವರ್ಷ. ಅಪಘಾತ: ಒಂದು ಕೋಳಿ.

ನೌಕರರಾದ್ದರಿಂದ ಇಲ್ಲಿಂದ ಬಹುವಚನ.

ಬ್ರಿಯೊನಿಯವರು ಜೀಪು ಓಡಿಸಿಕೊಂಡು ಆಪರೇಷನ್ ಕೋಣೆಯ ಬಾಗಿಲು ತಲುಪಿದರು.

"ನಿಲ್ಲಿ," ಎಂದರು ನೊಲೀನ್. "ಡ್ಯೂಟಿ ಮೇಲಿರೋರಿಗೆ ಆಪರೇಷನ್ ಮಾಡೋ ಹಾಗಿಲ್ಲ. ಅನಾರೋಗ್ಯದ ರಜೆ ಹಾಕ್ಬೇಕು. ರಜೆಗೆ ಮುಂಚೆ ವಾಹನ ವಾರ್ಡಿಗೆ ಒಪ್ಪಿಸ್ಬೇಕು."

ವಾರ್ಡಿಗೆ ಮರಳಿ ಜೀಪು ಒಪ್ಪಿಸಿದೆವು. ರಜೆ ಶುರುವಾಯಿತು. ಬ್ರಿಯೊನಿ ಮತ್ತೆ ರೋಗಿಯಾದಳು, ಮತ್ತೆ ಸರಳು ಹಿಡಿದಳು. ರಜೆ ರದ್ದು ಮಾಡಿ ಅವರನ್ನು ಮತ್ತೆ ಜೀಪಿನಲ್ಲಿ ಕೂರಿಸಿದೆವು. ಹೀಗೆ ಮೂರು ಸಲ ಹೋಗಿ ಬಂದೆವು.

"ಇವಳಿಗೆ ಉಸಿರು ಕಟ್ಟುತ್ತೆ ಕಣ್ರೀ!" ಟ್ಯಾಮ್ಸಿನ್ ಕಿರುಚಿದಳು. "ನಿಮ್ ರೂಲ್ಸಿಗಿಷ್ಟು ಬೆಂಕಿ ಹಾಕ!"

"ಬೆಂಕಿಗೆ ಬೇರೆ ವಿಭಾಗ," ಎಂದರು ನೊಲೀನ್.

ಎರಡು ಗಂಟೆ ದಾಟಿತ್ತು. ಸರ್ಜನ್ ಬಾಗಿಲಿಗೆ ಬಂದು ಗಡಿಯಾರ ನೋಡಿದರು.

"ಕೆಲಸ ಮಾಡ್ತಾ ಪೆಟ್ಟಾದ್ರೆ?" ನಾನು ಕೇಳಿದೆ.

"ಅದಕ್ಕೆ ರಜೆ ಬೇಡ. ಡ್ಯೂಟಿ ಮೇಲೇ ಚಿಕಿತ್ಸೆ," ಎಂದರು ನೊಲೀನ್.

ನಾಲ್ಕನೇ ಸಲ ಹೊರಟೆವು. ಜೀಪಿನ ಹಾರ್ನ್ ಕೆಟ್ಟಿತ್ತು. ಬ್ರಿಯೊನಿಯವರು ದಾರಿಯುದ್ದಕ್ಕೂ ಬಾಯಲ್ಲೇ ಪೀಂ ಪೀಂ ಎಂದರು. ಬಾಗಿಲಲ್ಲಿ ನಿಂತು ನಾನು ಅರ್ಜಿ ತುಂಬಿದೆ: "ಹಾರ್ನ್ ಕೆಟ್ಟಿದ್ದರಿಂದ ಚಾಲಕಿಯವರು ಕರ್ತವ್ಯದ ವೇಳೆ ಬಾಯಿಂದಲೇ ಹಾರ್ನ್ ಮಾಡಿ ಎರಡೂ ಟಾನ್ಸಿಲ್ ಊದಿಸಿಕೊಂಡಿರುತ್ತಾರೆ."

ಸರ್ಜನ್ ಗಂಟಲು ನೋಡಿ ದೃಢೀಕರಿಸಿದರು.

ನೊಲೀನ್ ಎರಡು ಸಲ ಓದಿದರು. "ಪಾಪ," ಎಂದರು. ಮುದ್ರೆ ಒತ್ತಿದರು.

ಮೂರಕ್ಕೆ ಐದು ನಿಮಿಷ ಇರುವಾಗ ಟಾನ್ಸಿಲ್ ಹೊರಗೆ ಬಂದವು. ಬ್ರಿಯೊನಿಯವರು ಸದ್ದಿಲ್ಲದೆ ಉಸಿರಾಡುತ್ತಿದ್ದರು. ಅದನ್ನು ಕೇಳುತ್ತ ಟ್ಯಾಮ್ಸಿನ್ ಕೂತಲ್ಲೇ ನಿದ್ದೆ ಹೋದಳು. ಯಾರೂ ಎಬ್ಬಿಸಲಿಲ್ಲ.

ಕರ್ತವ್ಯದಲ್ಲಿ ಪೆಟ್ಟಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಸರ್ಜನ್ ಬರುವ ದಿನಕ್ಕೆ ಸರಿಯಾಗಿ ಏಪ್ರಿಲ್‌ನಲ್ಲಿ ಬ್ರಿಯೊನಿಯವರು ಹಗುರ ಕೆಲಸಕ್ಕೆ ಹಾಜರಾದರು. ಉಳಿದ ಮಕ್ಕಳು ಬರೀ ರೋಗಿಗಳಾದ್ದರಿಂದ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಇದುವರೆಗೆ ಹದಿನೇಳು ಮಕ್ಕಳನ್ನು ಆಪರೇಷನ್‌ಗೆ ಬಿಟ್ಟು ಬಂದಿದ್ದಾರೆ. ಅತ್ತವರನ್ನು ಬೈಯುತ್ತಾರೆ.

ಜುಲೈನಲ್ಲಿ ಹುದ್ದೆ ಕಾಯಂ ಆಯಿತು. ಕಾಯಂ ಚಾಲಕರಿಗೆ ಒಬ್ಬ ಸಹಾಯಕ ಇರಬೇಕು. ನನ್ನನ್ನು ಹಾಕಿದ್ದಾರೆ.