ಟವಲಿನ ಕೆಳಗಿನ ವ್ಯಾಟು

ಚೌಡಯ್ಯ: ಮೊದ್ಲು ಹಲ್ಲು ತೋರ್ಸಪ್ಪ.

ರವೀಂದ್ರ: ಯಾರ ಹಲ್ಲು ಯಜಮಾನ್ರೆ?

ಚೌಡಯ್ಯ: ನಿನ್ನವಲ್ಲ. ನೀನು ಆಗ್ಲಿಂದ ಕಿಸ್ಕೊಂಡೇ ನಿಂತಿದ್ದೀಯ. ಇದ್ರದ್ದು ತೋರ್ಸು.

‘ಇದು’ ಎಂದರೆ, ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದಿನ ರಸ್ತೆಯ ರವೀಂದ್ರನ ಕಂಪ್ಯೂಟರ್ ಅಂಗಡಿಯಲ್ಲಿ, ಗಾಜಿನ ಮೇಜಿನ ಮೇಲೆ ಕೂತಿದ್ದ ಒಂದು ಕಪ್ಪು ಪೆಟ್ಟಿಗೆ. ಗೋಡೆಯಿಂದ ಕರೆಂಟು ತೆಗೆದುಕೊಂಡು ಕಂಪ್ಯೂಟರಿನ ಒಳಗಿನ ಒಂದೊಂದು ಭಾಗಕ್ಕೂ ಹದವಾಗಿ ಹಂಚುವುದು ಅದರ ಕೆಲಸ. ಅಂಗಡಿಯವರು ಅದನ್ನು ಎಸ್‌ಎಂಪಿಎಸ್ ಎನ್ನುತ್ತಾರೆ, ಓದಿಕೊಂಡವರು ಪವರ್ ಸಪ್ಲೈ ಎನ್ನುತ್ತಾರೆ. ಶೀಳನೆರೆಯ ಚೌಡಯ್ಯನವರು ಎತ್ತು ಎನ್ನುತ್ತಿದ್ದರು. ನಲವತ್ತು ವರ್ಷ ದನದ ದಲ್ಲಾಳಿಯಾಗಿದ್ದ ಮನುಷ್ಯ, ಹೊರೆ ಎಳೆಯುವುದು ಏನೇ ಇರಲಿ, ಅವರ ಲೆಕ್ಕಕ್ಕೆ ಅದು ಎತ್ತೇ.

ಇದನ್ನು ಎತ್ತು ಮಾಡಿದ ತಪ್ಪು ಮೊಮ್ಮಗಳು ಸಹನಳದು. ಹೆಸರಿಟ್ಟವರು ಏನೋ ಆಸೆಯಿಂದ ಇಟ್ಟಿದ್ದರು, ಆದರೆ ಸಹನೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವಳಿಗೆ ಬಂದಿತ್ತು. ಮದುವೆ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿಕೊಡುವುದು ಅವಳ ಕಸುಬು. ಕೆಲಸ ಬೇಗ ಸಾಗಲಿ ಎಂದು ಕಂಪ್ಯೂಟರಿಗೆ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡು ಹಾಕಿಸಿದಳು. ಅಂದಿನಿಂದ ಅದು ಹತ್ತು ನಿಮಿಷಕ್ಕೊಮ್ಮೆ ಹೇಳದೆ ಕೇಳದೆ ಆರಿಹೋಗತೊಡಗಿತು. ಕನ್ನಡಕ ರಿಪೇರಿಗೆಂದು ಜೊತೆಗೆ ಹೊರಟಿದ್ದ ತಾತನಿಗೆ ತಿಳಿಯಲಿ ಎಂದು ಬಸ್ಸಿನಲ್ಲಿ, ಬಂಡಿ ಹೊಸದು ದೊಡ್ಡದು, ಹಳೇ ಎತ್ತು ಎಳೆಯುತ್ತಿಲ್ಲ ಎಂದುಬಿಟ್ಟಳು. ಸಂತೆಗಳು ಸೊರಗಿದ ಮೇಲೆ ಅವರನ್ನು ಯಾರೂ ಯಾವುದಕ್ಕೂ ಅಭಿಪ್ರಾಯ ಕೇಳಿರಲಿಲ್ಲ. ಆ ದುಃಖ ಅವರಿಗೆ ನಿಜವಾಗಿಯೂ ಇತ್ತು. ಬಸ್ಸಿಳಿಯುವಾಗ ಹತ್ತು ವರ್ಷ ಚಿಕ್ಕವರಾಗಿದ್ದರು. ಕನ್ನಡಕದ ಅಂಗಡಿ ದಾರಿಯಲ್ಲೇ ಸಿಕ್ಕಿದರೂ ಅತ್ತ ತಿರುಗಲಿಲ್ಲ.

ಅವಸರಕ್ಕೆ ಕಾರಣವಿತ್ತು. ಆ ಕಂಪ್ಯೂಟರಿನೊಳಗೆ ಕಿರಂಗೂರಿನ ಮದುವೆಯೊಂದು ಸಿಕ್ಕಿಕೊಂಡಿತ್ತು. ಮದುವೆಯಾಗಿ ಎಂಟು ತಿಂಗಳು, ಮದುಮಗಳಿಗೆ ಈಗ ಏಳು ತಿಂಗಳು. ಸೀಮಂತ ಈ ಭಾನುವಾರ. ಅಲ್ಲಿ ಪರದೆ ಕಟ್ಟಿ ಮದುವೆ ವಿಡಿಯೊ ತೋರಿಸುತ್ತೇವೆಂದು ಬೀಗರಿಗೆಲ್ಲ ಸಾರಿಯಾಗಿತ್ತು. ಕ್ಯಾಮೆರಾದವನು ತನ್ನ ಕಾರ್ಡು ಅಳಿಸಿಕೊಂಡು ಬೇರೆ ಮದುವೆಗಳಿಗೆ ಹೋಗಿದ್ದ. ಇದ್ದಬದ್ದದ್ದೆಲ್ಲ ಸಹನಳ ಒಂದೇ ಡಿಸ್ಕಿನಲ್ಲಿ. ಹೊಸ ಪೆಟ್ಟಿಗೆಯೂ ಕೈಕೊಟ್ಟು, ಹೋಗುವಾಗ ಡಿಸ್ಕನ್ನೂ ಸುಟ್ಟುಕೊಂಡು ಹೋದರೆ, ಅಷ್ಟೂ ಜನ ಅದೇ ಸೀರೆ ಉಟ್ಟು ಮತ್ತೊಮ್ಮೆ ಧಾರೆಗೆ ನಿಲ್ಲಬೇಕು. ಮದುಮಗಳ ಹೊಟ್ಟೆಯನ್ನು ಎಲ್ಲಿ ಬಚ್ಚಿಡುವುದು ಎಂಬುದು ಬೇರೆ ಮಾತು.

ರವೀಂದ್ರ ವೈರುಗಳ ಕಂತೆ ಬಿಚ್ಚಿ ಅಗಲವಾದ ಕೊಂಡಿಯೊಂದನ್ನು ಮುಂದಿಟ್ಟ.

ರವೀಂದ್ರ: ಇಪ್ಪತ್ನಾಕು ಪಿನ್ನು ನೋಡಿ.

ಚೌಡಯ್ಯ: ಎತ್ತಿಗೆ ಮುಂದಲ್ಲು ಎಂಟೇ ಕಣಪ್ಪ. ಇದೇನು ಮೊಸಳೆನಾ?

ಸಹನ: ತಾತ, ಅವು ಹಲ್ಲಲ್ಲ. ಬೋರ್ಡಿಗೆ ಸಿಗ್ಸೋ ಕೊಂಡಿ.

ಚೌಡಯ್ಯ: ಕಚ್ಕೋತದೋ ಇಲ್ವೋ?

ಸಹನ: ಕಚ್ಕೋತದೆ.

ಚೌಡಯ್ಯ: ಅಂಗಾರೆ ಹಲ್ಲೇ.

ಮಿಕ್ಕ ವೈರುಗಳನ್ನು ಅವರು ಬಾಲವೆಂದು ಬಗೆದು, ಒಂದು ಮೈಗೆ ಆರು ಬಾಲ ಯಾಕೆ ಎಂದು ವಿಚಾರಿಸಿದರು. ಒಂದು ಡಿಸ್ಕಿಗೆ, ಒಂದು ಕಾರ್ಡಿಗೆ, ಒಂದು ಬೋರ್ಡಿಗೆ ಎಂದು ರವೀಂದ್ರ ಬಿಡಿಸಿ ಹೇಳಿದ. ಒಳಗಿನ ಫ್ಯಾನು ತಿರುಗುವುದೇ ಕೇಳಿಸುವುದಿಲ್ಲ ಎಂದು ಹೊಗಳಲು ಹೋಗಿ ಅಲ್ಲಿ ಕೆಟ್ಟ. ಉಸಿರಾಟವೇ ಕೇಳಿಸದ ಎತ್ತನ್ನು ಕೊಂಡು ನಾನು ಹೂಳಲಾ ಎಂದು ಚೌಡಯ್ಯ ಕೇಳಿದರು. ರವೀಂದ್ರ ಮಾತು ಬದಲಿಸಿದ.

ರವೀಂದ್ರ: ಏಳ್ನೂರೈವತ್ತು ವ್ಯಾಟು ಯಜಮಾನ್ರೆ. ಗೋಲ್ಡು ಬೇರೆ.

ಚೌಡಯ್ಯ: ಎಲ್ಲದೆ ಚಿನ್ನ?

ಸಹನ: ಚಿನ್ನ ಅಲ್ಲ ತಾತ, ಅದು ದರ್ಜೆ. ಕರೆಂಟು ಪೋಲಾಗೋದು ಕಮ್ಮಿ ಅಂತ.

ಚೌಡಯ್ಯ: ಚಿನ್ನ ಇಲ್ದೆ ಚಿನ್ನ ಅಂತ ಯಾಕೆ ಬರ್ದವ್ರೆ?

ರವೀಂದ್ರ: ಒಂದು ವರ್ಷ ವಾರಂಟಿ ಅದೆ, ನಂಬಿ.

ಚೌಡಯ್ಯ: ನಾನೂ ಕೊಡ್ತಿದ್ದೆ ಕಣಪ್ಪ ವಾರಂಟಿ. ಹಗ್ಗ ಕೈ ಬದ್ಲಾಗೋಗಂಟ.

ಸಹನಳ ಹೆಸರಿಗೆ ಅಪಚಾರವಾಗುವ ಹೊತ್ತು ಬಂತು. ಅವಳು ಪೆಟ್ಟಿಗೆಯನ್ನು ಎತ್ತಿ ತಾತನ ಅಂಗೈ ಮೇಲೆ ಇಟ್ಟಳು.

ಸಹನ: ತೂಕ ನೋಡಿ. ಒಳಗೆ ತಾಮ್ರ ಜಾಸ್ತಿ ಇದ್ರೆ ತೂಕ ಬತ್ತದೆ, ಬೋಗಸ್ಸು ಹಗುರ ಇರ್ತದೆ. ಫೋನಲ್ಲಿ ನಾಕು ವಿಡಿಯೊ ನೋಡ್ಕಂಡು ಬಂದಿದ್ದೀನಿ. ಇದೇ ತಗೊಳನ ನಡೀರಿ, ಹೊತ್ತಾಯ್ತದೆ.

ಚೌಡಯ್ಯ ಪೆಟ್ಟಿಗೆಯನ್ನು ತೂಗಿದರು. ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ತೂಕಕ್ಕೆಂದೇ ಕಬ್ಬಿಣದ ತುಂಡೊಂದನ್ನು ಅಂಟಿಸಿದಂತೆ ಎಲ್ಲ ಭಾರವೂ ಒಂದೇ ಮೂಲೆಯಲ್ಲಿ ಕುಕ್ಕರಿಸಿ ಕೂತಿತ್ತು. ಅವರ ಮುಖದಲ್ಲಿ ಹಳೆಯ ನೆಂಟನನ್ನು ಕಂಡಂತಹ ಒಂದು ನಗು ಬಂತು.

ಚೌಡಯ್ಯ: ಇದು ನೀರು ಕುಡ್ಸಿರೋ ಎತ್ತು ಕಣಮ್ಮಿ.

ರವೀಂದ್ರ: ನೀರೇ ತಾಕಿಲ್ಲ ಯಜಮಾನ್ರೆ. ನಿಮ್ಮೆದುರಿಗೇ ಸೀಲು ಒಡೆದಿದ್ದು.

ಚೌಡಯ್ಯ: ಸಂತೆ ದಿನ ಬೆಳಿಗ್ಗೆ ಉಪ್ಪು ನೆಕ್ಕುಸ್ಬುಟ್ಟು ನೀರಿಗೆ ಬುಡ್ತಾರೆ. ಹೊಟ್ಟೆ ಗುಡಾಣ ಆಯ್ತದೆ. ಕೊಂಡೋನು ಏನು ಮೈ, ಏನು ಮೈ ಅಂತಾನೆ. ಊರು ಸೇರೋ ಹೊತ್ಗೆ ಅರ್ಧ ಎತ್ತು ದಾರೀಲಿ ಉಚ್ಚೆಯಾಗಿ ಓಗಿರ್ತದೆ.

ಸಹನ: ನಿಮ್ಗೆಂಗೆ ಗೊತ್ತು?

ಚೌಡಯ್ಯ: ಉಪ್ಪು ಯಾರು ತರೋರು ಅಂತ ಕೇಳ್ಬೇಡ.

ರವೀಂದ್ರನಿಗೆ ರೇಗಿತು. ಅಂಗಡಿಯಲ್ಲಿ ಪ್ರಿಂಟರ್ ಶಾಯಿ ಕೊಳ್ಳಲು ಬಂದಿದ್ದ ಮೇಷ್ಟರೊಬ್ಬರು ಕಿವಿ ಇತ್ತಲೇ ಇಟ್ಟು ನಿಂತಿದ್ದರು. ದನದ ವ್ಯಾಪಾರ ತನಗೂ ಹೊಸದಲ್ಲ, ತನ್ನಪ್ಪನೂ ಅದೇ ಕಸುಬಿನವರು, ಇಲ್ಲದ್ದನ್ನೆಲ್ಲ ಹೇಳಿ ಅಂಗಡಿ ಮರ್ಯಾದೆ ತೆಗೆಯಬೇಡಿ ಎಂದ.

ಚೌಡಯ್ಯ: ಯಾರಪ್ಪ ನಿಮ್ಮಪ್ಪ?

ರವೀಂದ್ರ: ನಾಗಮಂಗಲದ ಹೊನ್ನಪ್ಪ.

ಚೌಡಯ್ಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತರು.

ಚೌಡಯ್ಯ: ಹೊನ್ನಪ್ಪನ ಮಗ ಏನ್ಲಾ ನೀನು? ಮೊದ್ಲೇ ಏಳ್ಬಾರ್ದೇನ್ಲಾ?

ಹೊನ್ನಪ್ಪನೂ ಚೌಡಯ್ಯನೂ ಮೂವತ್ತು ವರ್ಷ ಒಬ್ಬರಿಗೊಬ್ಬರು ಟೋಪಿ ಹಾಕಿಕೊಂಡು ಸುಖವಾಗಿ ಬಾಳಿದವರು. ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚಿ ಪ್ರಾಯದ್ದೆಂದು ಮಾರಿದ್ದರು, ಹಾಯುವ ಎತ್ತನ್ನು ಸಾಧು ಎಂದು ದಾಟಿಸಿದ್ದರು. ಆದರೆ ಆ ಕಸುಬಿನಲ್ಲಿ ಒಂದು ಕಟ್ಟುಪಾಡು. ಸಂತೆಗೆ ಕೇಳುವಂತೆ ಬಾಯಲ್ಲಿ ಎಷ್ಟು ಬೇಕಾದರೂ ಕೂಗಬಹುದು. ಕೊನೆಗೆ ಇಬ್ಬರ ಕೈ ಮೇಲೂ ಟವಲು ಹೊದಿಸಿ, ಬೆರಳಿಗಿಷ್ಟು ಎಂದು ಎದುರಿನವನ ಬೆರಳು ಹಿಡಿದು ಹೇಳುವ ಅಂಕಿ ಮಾತ್ರ ನಿಜ ಇರಬೇಕು. ಅಲ್ಲಿ ಸುಳ್ಳು ಹೇಳಿದವನ ಕೈಯನ್ನು ಮರುವಾರದಿಂದ ಯಾರೂ ಹಿಡಿಯುತ್ತಿರಲಿಲ್ಲ. ಹೊನ್ನಪ್ಪನ ಕೈಯನ್ನು ಕೊನೆಯವರೆಗೂ ಜನ ಹಿಡಿದರು.

ಚೌಡಯ್ಯ ಹೆಗಲ ಮೇಲಿನ ಟವಲು ತೆಗೆದು ಕೊಡವಿದರು.

ಚೌಡಯ್ಯ: ಡಬ್ಬದ ಮೇಲೆ ಬರ್ದಿರೋದು ಸಂತೆ ಕೂಗು ಕಣ್ಲಾ, ಅದಿರ್ಲಿ. ಕೈ ಕೊಡು. ಇದು ದಿಟವಾಗಿ ಎಷ್ಟು ಎಳೀತದೆ ಅಂತ ಏಳ್ಬುಡು. ಬೆರಳಿಗೆ ನೂರು.

ರವೀಂದ್ರ: ಯಜಮಾನ್ರೆ, ಇದು ಕಂಪ್ಯೂಟರ್ ಅಂಗಡಿ.

ಚೌಡಯ್ಯ: ಅಂಗಾರೆ ಬ್ಯಾಡ. ಹೊನ್ನಪ್ಪನ ಮಗ ಟವಲ್ ಕಂಡು ಕೈ ಇಂದಕ್ಕೆಳ್ಕಂಡ ಅಂತ ನಾನು ಯಾರ್ಗೂ ಏಳಾಕಿಲ್ಲ.

ಯಾರಿಗೂ ಹೇಳುವುದಿಲ್ಲ ಎಂದು ಚೌಡಯ್ಯ ಹೇಳಿದರೆ ಪಾಂಡವಪುರದವರೆಗೂ ಗೊತ್ತಾಗುತ್ತದೆ ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ರವೀಂದ್ರ ಮೇಷ್ಟರ ಕಡೆ ನೋಡಿದ, ಬಾಗಿಲ ಕಡೆ ನೋಡಿದ, ಕೊನೆಗೆ ಕೈ ಕೊಟ್ಟ.

ಟವಲಿನೊಳಗೆ ನಡೆದದ್ದನ್ನು ಹೊರಗೆ ಹೇಳಬಾರದು. ಬರೆಯುವವನಿಗೆ ಆ ಕಟ್ಟುಪಾಡಿಲ್ಲ, ಅದರಿಂದ ಹೇಳುತ್ತೇನೆ. ರವೀಂದ್ರ ಮೊದಲು ಮೂರು ಬೆರಳು ಹಿಡಿದ. ಆಮೇಲೆ ಅಪ್ಪನ ನೆನಪಾಯಿತೋ ಏನೋ, ಮೂರನೆಯ ಬೆರಳನ್ನು ಅರ್ಧಕ್ಕೆ ಮಡಿಸಿದ.

ಚೌಡಯ್ಯ: ಅಮ್ಮಿ, ಈ ಡಬ್ಬನ ಆಚೆಗಿಡು.

ಸಹನ: ಎಷ್ಟಂದ್ರು?

ಚೌಡಯ್ಯ: ಎಷ್ಟೋ ಅಂದ. ನಿನ್ನ ಬಂಡಿಗೆ ಎಷ್ಟು ಬೇಕು?

ಸಹನ: ಐನೂರಾದ್ರೂ ಬೇಕು.

ಚೌಡಯ್ಯ: ಇದುನ್ನ ಕಟ್ಟಿದ್ರೆ ನೊಗದ ಇನ್ನೊಂದು ಕಡೆ ನೀನೇ ನಿಲ್ಬೇಕು.

ರವೀಂದ್ರ ಹಿಂದಿನ ಕಪಾಟಿಗೆ ಹೋಗಿ ಧೂಳು ಹಿಡಿದ ಸಣ್ಣ ಡಬ್ಬವೊಂದನ್ನು ತಂದ. ಮೇಲೆ ಐನೂರೈವತ್ತು ಎಂದು ಮಾತ್ರ ಬರೆದಿತ್ತು. ಹೊಳಪಿಲ್ಲ, ಚಿತ್ರವಿಲ್ಲ. ಕೇಳುವವರೇ ಇಲ್ಲ, ಎಲ್ಲರಿಗೂ ದೊಡ್ಡ ಅಂಕಿಯೇ ಬೇಕು ಎಂದು ಗೊಣಗಿದ. ಈ ಸಲ ಟವಲು ಕೇಳುವ ಮೊದಲೇ ಅವನ ಕೈ ಒಳಗಿತ್ತು. ಐದು ಬೆರಳನ್ನೂ ಗಟ್ಟಿಯಾಗಿ ಹಿಡಿದ, ಮೇಲೊಂದು ಅರ್ಧ ಬೆರಳು.

ಸಹನ: ಇದು ಗೋಲ್ಡಲ್ಲ ತಾತ, ಬ್ರಾಂಝು. ಕಂಚು.

ಚೌಡಯ್ಯ: ಎತ್ತಿನ ಕೊರಳಿಗೆ ಯಾರಾದ್ರೂ ಚಿನ್ನದ ಗಂಟೆ ಕಟ್ತಾರಾ? ಕಂಚೇ ಸರಿ.

ಸಹನ: ಅದ್ಕಿಂತ ಹಗುರನೂ ಅದೆ.

ಚೌಡಯ್ಯ: ಇದು ಹಸಿದ ಹೊಟ್ಟೆ ತೂಕ. ಇದ್ರಲ್ಲಿ ಸುಳ್ಳಿಲ್ಲ.

ಮೇಷ್ಟರು ಹತ್ತಿರ ಬಂದು, ತಮ್ಮ ಶಾಯಿ ಡಬ್ಬಿಯ ಮೇಲೆ ನಾನೂರು ಪುಟ ಬರುತ್ತದೆಂದು ಬರೆದಿದೆ, ಆ ಟವಲನ್ನು ಒಂದು ನಿಮಿಷ ಕೊಡುತ್ತೀರಾ ಎಂದು ವಿನಯದಿಂದ ಕೇಳಿದರು. ಅದೇ ಹೊತ್ತಿಗೆ ರವೀಂದ್ರನಿಗೆ ಒಳಗಿನ ಕೋಣೆಯಲ್ಲಿ ಏನೋ ಹುಡುಕುವ ಕೆಲಸ ನೆನಪಾಯಿತು.

ಸಹನ ಬಿಡಲಿಲ್ಲ. ಅವನು ಹೊರಗೆ ಬಂದದ್ದೇ ತರಾಟೆಗೆ ತೆಗೆದುಕೊಂಡಳು.

ಸಹನ: ಅಲ್ಲ ಅಣ್ಣ, ಡಬ್ಬದ ಮೇಲೊಂದು, ಒಳಗೊಂದು ಅಂದ್ರೆ ಏನು ನ್ಯಾಯ? ಒಂದು ಮನೆಯೋರ ಮದ್ವೆನೇ ನನ್ನ ಡಿಸ್ಕಲ್ಲಿ ಅದೆ. ಸುಟ್ಟೋಗಿದ್ರೆ ಅವ್ರಿಗೆ ನಾನೇನು ಏಳ್ಬೇಕಿತ್ತು? ಇರೋದನ್ನ ಇದ್ದಂಗೆ ಏಳಕ್ಕೆ ಏನು ಕಷ್ಟ ನಿಮ್ಗೆ?

ರವೀಂದ್ರ ತಲೆ ತಗ್ಗಿಸಿದ. ತಪ್ಪಾಯ್ತು ಎಂದೂ ಅಂದ. ಮೇಷ್ಟರು ಇದು ಇಡೀ ದೇಶದ ಸಮಸ್ಯೆ ಎಂದು ಒಂದು ಮಾತು ಸೇರಿಸಿದರು. ಸತ್ಯದ ವಿಷಯವಾಗಿ ಸಹನಳಿಗೆ ಇನ್ನೂ ಹೇಳುವುದಿತ್ತು, ಆದರೆ ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಕಿರಂಗೂರಿನಿಂದ ಮದುಮಗಳ ತಾಯಿ ಪುಟ್ಟತಾಯಮ್ಮ. ಆಕೆಯ ಗಂಟಲು ಫೋನಿನ ಆಚೆಗೂ ಕೇಳುವಂಥದ್ದು. ಪರದೆಯವನಿಗೆ ಹೇಳಿಯಾಗಿದೆ, ಅಡುಗೆಯವರಿಗೆ ಹೇಳಿಯಾಗಿದೆ, ನಿನ್ನದು ಎಷ್ಟು ಮುಗಿದಿದೆ ಹೇಳವ್ವ ಎಂದು ಕೇಳುತ್ತಿದ್ದರು.

ಸಹನ: ತೊಂಬತ್ತು ಪರ್ಸೆಂಟ್ ಆಗೋಗದೆ ಅಮ್ಮ. ಇನ್ನೇನಿಲ್ಲ, ಪಾಲಿಶ್ ಒಂದೇ ಬಾಕಿ. ನೀವು ನಿಶ್ಚಿಂತೆಯಾಗಿರಿ.

ಮೇಜಿನ ಮೇಲಿದ್ದ ಅವಳ ಇನ್ನೊಂದು ಕೈ ಮೇಲೆ ಟವಲು ಬಂದು ಬಿತ್ತು. ಅದರ ಕೆಳಗೆ ತಾತನ ಒರಟು ಕೈ.

ಚೌಡಯ್ಯ: (ಮೆಲ್ಲಗೆ) ಬೆರಳಿಗೆ ಹತ್ತು.

ಸಹನ ಫೋನು ಇಟ್ಟಳು. ಕೈ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. ರವೀಂದ್ರ ನೋಡುತ್ತಿದ್ದ. ಮೇಷ್ಟರಂತೂ ಕನ್ನಡಕ ಒರೆಸಿಕೊಂಡು ನೋಡುತ್ತಿದ್ದರು. ಅವಳ ಕಿವಿ ಕೆಂಪಾಯಿತು. ಕೊನೆಗೆ ಟವಲಿನ ಕೆಳಗೆ ತಾತನ ಒಂದೇ ಒಂದು ಬೆರಳನ್ನು ಹಿಡಿದಳು. ಅದೂ ಕಿರುಬೆರಳು, ಅದೂ ತುದಿ.

ರವೀಂದ್ರ: ಎಷ್ಟಂತೆ ಯಜಮಾನ್ರೆ?

ಚೌಡಯ್ಯ: ಟವಲ್ ಒಳಗಿಂದ ಆಚೆಗೆ ಏಳಂಗಿಲ್ಲ ಕಣ್ಲಾ. ನೀನು ಆ ಡಬ್ಬನ ಬಿರ್ರನೆ ಕಟ್ಟಿಕೊಡು. ಹೆಣ್ಣು ಏಳು ತಿಂಗಳ ಬಸುರಿ, ಇನ್ನೂ ಮದ್ವೆ ಚಪ್ಪರನೇ ಆಕಿಲ್ಲ.