ಮೂರು ಕಡ್ಡಿ, ಒಂದು ಕುಕ್ಕರ್

ಬೀಗದಕೈ ಇಲ್ಲದೆ ಬೀಗ ತೆಗೆಯುವುದು ಒಂದು ಲಲಿತಕಲೆ ಎಂದರೆ ನನ್ನ ಹೆಂಡತಿ ಪಂಕಜ ಒಪ್ಪುವುದಿಲ್ಲ. ಅವಳ ಪ್ರಕಾರ ಅದು ಪೊಲೀಸರಿಗೆ ಸಂಬಂಧಪಟ್ಟ ವಿಷಯ. (ನಾನು ಮಳವಳ್ಳಿಯಲ್ಲಿ ಲೆಕ್ಕದ ಮೇಷ್ಟ್ರು. ನಮ್ಮನೆಯದು ಬಿಟ್ಟು ಬೇರೆಯವರ ಬೀಗ ಮುಟ್ಟಿದವನಲ್ಲ.)

ಮೊದಲು ತರಿಸಿದ, ಬೀಗ ತೆಗೆಯುವ ಇಪ್ಪತ್ತು ಉಕ್ಕಿನ ಕಡ್ಡಿಗಳ ಅಗ್ಗದ ಸೆಟ್ಟು ಬೀಗದೊಳಗೆ ಶಾವಿಗೆಯಂತೆ ಬಾಗಿತು. ಆಮೇಲೆ ಘನಘೋರ ಸಂಶೋಧನೆ ನಡೆಸಿ ಮೂರೇ ಮೂರು ಕಡ್ಡಿ ಆರಿಸಿದೆ: ಬಾಗಿದರೂ ನೆಟ್ಟಗಾಗುವ ತೆಳು ಉಕ್ಕು, ಕೈಗೆ ಕೂರುವ ಹಿಡಿ. ಮೊನ್ನೆ ಗೇಟಿನ ಬಳಿ ಪಾರ್ಸಲ್ ಬಿಚ್ಚುತ್ತಿದ್ದೆ.

"ಇನ್ನೂ ಕಡ್ಡಿ ತರ್ಸಿದ್ರಾ?" ಎಂದು ಪಂಕಜ ಸೌಟು ಹಿಡಿದೇ ಹೊರಬಂದಳು. ಹಿಂದೆ ಬಾಗಿಲು ಧಡ್ಡನೆ ಮುಚ್ಚಿ ತಾನಾಗಿ ಬೀಗ ಬಿತ್ತು. (ಆ ಬೀಗ ಹಾಕಿಸಿದವನೂ ನಾನೇ.)

"ಅಯ್ಯೋ, ಬೀಗದಕೈ ಒಳ್ಗೈತೆ! ಬ್ಯಾಳೆಗೆ ಕುಕ್ಕರ್ ಇಕ್ಕಿವ್ನಿ ಕಣ್ರೀ!"

ಇನ್ನೊಂದು ಬೀಗದಕೈ ಬೆಳಕವಾಡಿಯ ನಾದಿನಿ ಮನೆಯಲ್ಲಿ. ಕಿಟಕಿಗೆಲ್ಲ ಕಂಬಿ. ಒಳಗೆ ಕುಕ್ಕರ್ ಕೂಗಿತು.

"ನಾನಿಲ್ವೇನೇ?" ಎಂದು ಬಾಗಿಲ ಮುಂದೆ ಮಂಡಿಯೂರಿ ಕೂತೆ.

ಪಕ್ಕದ ಮನೆ ಮಂಗಳಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಏನ್ ಮೇಷ್ಟ್ರೇ, ನಿಮ್ಮನೆಗೇ ಕನ್ನ ಆಕ್ತಿದ್ದೀರಾ?"

ಮೊದಲನೇ ಕಡ್ಡಿ ಬೀಗದ ಬಾಯಿಗೆ ಹಿಡಿಸಲಿಲ್ಲ. ಎರಡನೆಯದು ಒಳಗೆ ಹೋಗಿ ಜಾರಿತು. ಬೀಗದ ಸಣ್ಣ ಟಿಕ್ ಸದ್ದು ಕೇಳಬೇಕೆಂದರೆ ಕುಕ್ಕರ್ ಬಿಡುತ್ತಿಲ್ಲ. ಸ್ವಲ್ಪ ಹೊತ್ತಿಗೆ ಅದೂ ಬಾಯಿ ಮುಚ್ಚಿತು.

"ಕೂಗೋದೇ ನಿಂತೋಯ್ತಲ್ಲವ್ವ! ನೀರೆಲ್ಲ ಇಂಗೋಗೈತೆ," ಎಂದರು ಮಂಗಳಮ್ಮ. ಸೀದ ವಾಸನೆ ಬಂತು. ಪಂಕಜಳ ಕಣ್ಣಲ್ಲಿ ನೀರು. "ರೀ, ಸಿಡಿದೋಯ್ತದೆ ಕಣ್ರೀ, ಏನಾರ ಮಾಡ್ರೀ!" ನಿಜಕ್ಕೂ ಹೆದರಿದೆ. ಮೂರನೇ ಕಡ್ಡಿ ತೂರಿಸಿದೆ. ಟಿಕ್. ಇನ್ನೊಂದು ಟಿಕ್. ಬೀಗ ತಿರುಗಿತು! ಓಡಿಹೋಗಿ ಗ್ಯಾಸ್ ಆರಿಸಿದೆ. ಬೇಳೆ ಇದ್ದಿಲಾಗಿತ್ತು, ಮನೆ ಉಳಿದಿತ್ತು.

"ನೋಡ್ದಾ? ಒಳ್ಳೇ ಸಾಮಾನು ಅಂದ್ರೆ ಇದು!" ಎಂದು ಬೀಗಿದೆ.

"ಊಂ," ಎಂದಳು ಪಂಕಜ, ಹೊಸ ಗೌರವದಿಂದ. "ನಿಮ್ ಕೈಲಿ ತಗಿಯಕಾಗದ್ ಬೀಗವೇ ಇಲ್ವಾ?"

ಹೊಗಳಿಕೆಗೆ ಉಬ್ಬಿಹೋಗಿ ಬಾಯಿಬಿಟ್ಟೆ. "ಒಂದೇ ಒಂದೈತೆ. ಮದ್ದೂರಿನ ಅಂಗಡೀಲಿ ನೋಡಿದ್ದೆ, ಎಂಟು ಲಿವರಿನದು."

ಮರುದಿನವೇ ಅವಳು ಮದ್ದೂರಿನ ಬಸ್ಸು ಹತ್ತಿ ಅದನ್ನು ತಂದಳು. ಮುಂಬಾಗಿಲಿಗಲ್ಲ, ಅವಳು ತವರಿನಿಂದ ತಂದ ಟ್ರಂಕಿಗೆ. ಒಳಗೆ ನನ್ನ ಮೂರು ಕಡ್ಡಿಗಳಿವೆ, ಬೀಗದಕೈ ಅವಳ ಸೊಂಟದಲ್ಲಿದೆ.

ತಳ ಹಿಡಿದ ಕುಕ್ಕರನ್ನು ಈಗ ನಾನೇ ಕೆರೆಯುತ್ತಿದ್ದೇನೆ. ಅದಕ್ಕೆಂದು ಆ ಇಪ್ಪತ್ತು ಕಡ್ಡಿಗಳ ಸೆಟ್ಟನ್ನು ಅವಳೇ ಹುಡುಕಿ ಕೊಟ್ಟಳು.