ವಿಮಾನಕ್ಕೆ ಟ್ಯಾಂಕು ಕೂರಿಸಿದ್ದು

ರಿಪೇರಿ ಅಂಗಡಿ ಇಟ್ಟವನ ಬಾಗಿಲಿಗೆ ಕೆಟ್ಟ ಸಾಮಾನು ಒಂದೇ ಬರೋದಿಲ್ಲ. ಅದರ ಹಿಂದೆ ಒಂದು ನಗೆಪಾಟಲೂ ಬರುತ್ತೆ. ಸಾಮಾನು ರಿಪೇರಿ ಆಗಿ ಹೋಗುತ್ತೆ. ನಗೆಪಾಟಲು ಅಂಗಡೀಲೇ ಉಳಿಯುತ್ತೆ.

ನನ್ನದು ಬಡವನಹಳ್ಳಿ. ಮುಂದೆ ಅಂಗಡಿ, ಹಿಂದೆ ಮನೆ. ಹೊಲಕ್ಕೆ ಔಷಧಿ ಹೊಡೆಯೋ ಮಿಷನ್ನು, ಮೊಪೆಡ್ಡು, ಇವೇ ನನ್ನ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ಹೆಂಡತಿ ತೀರಿಹೋಗಿ ವರ್ಷದ ಮೇಲಾಯಿತು. ಇಲ್ಲಿ ಬರೆದಿರೋದು ಅವಳು ಹಾಸಿಗೆ ಹಿಡಿದಿದ್ದಾಗ ನಡೆದಿದ್ದು.

ಅವಳ ತಮ್ಮ ಕೊರಟಗೆರೆ ಕಡೆ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಒಂದು ದಿನ ಬಸ್ಸಿನಲ್ಲಿ ಇಬ್ಬರ ಜಾಗ ಹಿಡಿದು ಒಂದು ವಿಮಾನ ತಂದ. ಆಟದ್ದು, ಆದರೆ ಮಕ್ಕಳು ಆಡೋದಲ್ಲ. ರೆಕ್ಕೆ ಮಂಚದಗಲ ಇತ್ತು. ಮೂತೀಲಿ ಸಣ್ಣ ಇಂಜಿನ್ನು. ಕೈಯಲ್ಲಿ ರಿಮೋಟ್ ಹಿಡಿದು ಹಾರಿಸೋದು. ಯಾರೋ ಬಳಸಿ ಬಿಟ್ಟದ್ದನ್ನ ತಗೊಂಡಿದ್ದ. ಟ್ಯಾಂಕು ಒಡೆದಿತ್ತು.

"ಭಾವ, ಒಂದು ಟ್ಯಾಂಕು ಕೂರಿಸಿಕೊಟ್ರೆ ಸಾಕು. ಅರ್ಧ ದಿನದ ಕೆಲಸ" ಅಂದ.

ತುಮಕೂರಿನ ಡಾಕ್ಟರು ಆಗಲೇ ಅವಳನ್ನ ಮನೆಗೆ ಕರಕೊಂಡು ಹೋಗಿ ಅಂದಿದ್ದರು. ಯಾಕೆ ಅಂದರು ಅಂತ ಅವಳಿಗೂ ಗೊತ್ತಿತ್ತು. ಮಲಗಿದ್ದಲ್ಲಿಂದಲೇ ವಿಮಾನ ನೋಡಿದಳು.

"ಇದು ಹಾರೋದ್ನ ನೋಡ್ಕಂಡೇ ನಾನು ಹೋಗೋದು" ಅಂದಳು.

ಅರ್ಧ ದಿನದ ಕೆಲಸ ಮುಂಗಾರಿನಿಂದ ಕಡ್ಲೆಕಾಯಿ ಕೀಳೋವರೆಗೆ ಎಳೆಯಿತು.

ಲೊಡಲೊಡ

ಹೊಸ ಟ್ಯಾಂಕು ಕೊರಿಯರ್‌ನಲ್ಲಿ ಬಂತು. ಬಿಳಿ ಪ್ಲಾಸ್ಟಿಕ್ ಬಾಟಲಿ, ಬಾಯಿಗೆ ರಬ್ಬರ್ ಬಿರಡೆ, ಬಿರಡೆಯಲ್ಲಿ ಹಿತ್ತಾಳೆ ಕೊಳವೆ. ಅಷ್ಟೇ. ಅಲ್ಲಾಡಿಸಿ ನೋಡಿದೆ. ಒಳಗೆ ಲೊಡಲೊಡ ಅಂತು.

ನಮ್ಮ ಕೆಲಸದಲ್ಲಿ ಟ್ಯಾಂಕು ಲೊಡಲೊಡ ಅಂದರೆ ತೊಂದರೆ ಅಂತಲೇ ಲೆಕ್ಕ. ನಟ್ಟು ಬಿದ್ದಿರುತ್ತೆ, ಇಲ್ಲ ತುಕ್ಕಿನ ಚೂರು. ಬಿರಡೆ ಬಿಚ್ಚಿದೆ. ಒಳಗೆ ಮೆತ್ತನೆ ರಬ್ಬರ್ ಪೈಪು, ಅದರ ತುದಿಗೆ ಕಡ್ಲೆಕಾಯಿ ಗಾತ್ರದ ಹಿತ್ತಾಳೆ ಗುಂಡು ಜೋತಾಡ್ತಿತ್ತು. ಮಾಡಿದೋರು ಮರೆತು ಬಿಟ್ಟಿದ್ದಾರೆ ಅಂದ್ಕೊಂಡೆ. ಪೈಪು ಸಮೇತ ಕುಯ್ದು ತೆಗೆದೆ. ಮತ್ತೆ ಅಲ್ಲಾಡಿಸಿದೆ. ಸದ್ದಿಲ್ಲ. ಸಮಾಧಾನ ಆಯ್ತು.

ಇಂಜಿನ್ನು ಓಡಿತು. ಮೂತಿ ಮೇಲೆತ್ತಿದರೆ ನಿಂತುಹೋಯಿತು. ಎಷ್ಟು ಸಲ ಎತ್ತಿದರೂ ಅಷ್ಟು ಸಲ ನಿಂತಿತು.

ಬಾಮೈದ ಬೆಂಗಳೂರಿನಲ್ಲಿ ಈ ಕೆಲಸ ತಿಳಿದವರೊಬ್ಬರಿಗೆ ಫೋನ್ ಮಾಡಿದ. ಅವರು ನಕ್ಕಿದ್ದು ನನಗೂ ಕೇಳಿಸಿತು. ವಿಮಾನ ಹೆಂಗೆ ವಾಲಿದರೂ ಎಣ್ಣೆ ಎತ್ತ ಹರಿಯುತ್ತೋ ಆ ಗುಂಡೂ ಅತ್ತ ಉರುಳುತ್ತಂತೆ, ಪೈಪಿನ ಬಾಯಿ ಎಣ್ಣೇಲೇ ಇರೋ ಹಾಗೆ. ಲೊಡಲೊಡ ಅಂದರೇನೇ ಟ್ಯಾಂಕು ಸರಿ ಇದೆ ಅಂತ ಅರ್ಥವಂತೆ.

ಗುಂಡು ಹುಡುಕಿದೆ. ಅಂಗಡೀಲಿ ಇಲ್ಲ. ಒಳಗೆ ಟಣ್ ಅಂತ ಸದ್ದಾಯಿತು.

ಅವಳು ಅದಕ್ಕೆ ದಾರ ಕಟ್ಟಿ ಮಂಚಕ್ಕೆ ನೇತುಹಾಕಿದ್ದಳು. ಪಕ್ಕದಲ್ಲಿ ಸ್ಟೀಲ್ ಚೊಂಬು. ದಾರ ಎಳೆದು ಬಿಟ್ಟರೆ ಟಣ್. ನನ್ನನ್ನ ಕರೆಯೋದಕ್ಕೆ. ಕೂಗೋ ಶಕ್ತಿ ಕಮ್ಮಿಯಾಗಿತ್ತು.

"ಅದು ವಿಮಾನದ್ದು" ಅಂದೆ.

ಬಿಚ್ಚಿಕೊಟ್ಟಳು. "ಮದುವೆ ಆದಾಗಿಂದ ನಾನೂ ಲೊಡಲೊಡ ಅಂತಾನೇ ಇದೀನಿ. ಒಂದಿನಾನೂ ನಿಮಗೆ ಕೇಳಿಸ್ಲಿಲ್ಲ. ಇದು ಒಂದು ಸಲ ಅಂದಿದ್ದಕ್ಕೇ ಕುಯ್ದು ಹಾಕ್ಬುಟ್ರಲ್ಲ" ಅಂದಳು.

ಗುಂಡಿನ ಬದಲು ಚೊಂಬಿನ ಪಕ್ಕ ಒಂದು ಸ್ಪ್ಯಾನರ್ ಇಟ್ಟೆ. ಅದರ ಸದ್ದಿಗೆ ಎದುರುಮನೆಯೋರೂ ಬರೋಕೆ ಶುರು ಮಾಡಿದರು.

ರೇಡಿಯೇಟರ್ ಅಂಗಡಿ

ಟ್ಯಾಂಕಿನೊಳಗೆ ಗಾಳಿ ಹೋಗೋದಕ್ಕೆ ಒಂದು ಕೊಳವೆ ಇರುತ್ತೆ. ಅದನ್ನ ಮೇಲಕ್ಕೆ ಬಾಗಿಸಬೇಕು. ನಾನು ಬಾಗಿಸಿದೆ, ಮುರಿಯಿತು. ಹೊಸದು ಮಾಡಿಸೋಕೆ ಶಿರಾಕ್ಕೆ ಹೋದೆ. ಅಲ್ಲಿ ರೇಡಿಯೇಟರ್ ಕೆಲಸದ ಸಾಬರೊಬ್ಬರಿದ್ದರು.

"ಯಾವ ಗಾಡೀದು ಭಾಯ್?" ಅಂದರು.

"ವಿಮಾನದ್ದು."

ಅವರು ಕನ್ನಡಕ ಏರಿಸಿಕೊಂಡು ಕೊಳವೆ ನೋಡಿದರು. ಆಮೇಲೆ ನನ್ನ ಪಂಚೆ, ಚಪ್ಪಲಿ ನೋಡಿದರು.

"ನೀವು ಇಲ್ಲಿಗೆ ಹೆಂಗೆ ಬಂದ್ರಿ?"

"ಬಸ್ಸಲ್ಲಿ."

"ವಿಮಾನ ಮಡಿಕ್ಕಂಡು ಬಸ್ಸಲ್ಲಿ ಯಾಕೆ ಬಂದ್ರಿ ಭಾಯ್?"

"ಟ್ಯಾಂಕು ಇಲ್ಲ" ಅಂದೆ.

ಅವರು ತಲೆ ಆಡಿಸಿದರು. "ಹಾಂ, ಬರೋಬ್ಬರ್" ಅಂತ ಕೊಳವೆ ಬಾಗಿಸೋಕೆ ಕೂತರು.

ಹರಳೆಣ್ಣೆ

ಈ ಇಂಜಿನ್ನಿಗೆ ಪೆಟ್ರೋಲ್ ಹಾಕೋ ಹಾಗಿಲ್ಲ. ಒಂದು ಥರದ ಸ್ಪಿರಿಟ್ಟು, ಅದಕ್ಕೆ ಹರಳೆಣ್ಣೆ ಬೆರೆಸಬೇಕು. ಬಾಮೈದ ತಂದಿದ್ದ ಡಬ್ಬ ಮುಗಿದ ಮೇಲೆ ನಾವೇ ಬೆರೆಸಿದೆವು. ಎಷ್ಟಕ್ಕೆ ಎಷ್ಟು ಅಂತ ಅವನು ಫೋನಿನಲ್ಲಿ ಹುಡುಕ್ತಿದ್ದ.

"ಹರಳೆಣ್ಣೆ ತಂಪು. ಇಂಜಿನ್ನು ಬಿಸಿ ಆಗೋದು. ಜಾಸ್ತೀನೇ ಸುರಿ" ಅಂದೆ.

ಸುರಿದ. ಇಂಜಿನ್ನು ಕೆಮ್ಮಿತು. ಹೊಗೆ ಬಿಟ್ಟಿತು. ಮತ್ತೆ ಕೆಮ್ಮಿತು. ಓಡಲಿಲ್ಲ. ಬೀದಿ ತುಂಬಾ ಹರಳೆಣ್ಣೆ ವಾಸನೆ.

ಸಾಯಂಕಾಲ ಪಕ್ಕದ ಬೀದಿ ಅಜ್ಜಿ ಬಟ್ಟಲು ಹಿಡಕೊಂಡು ಬಂತು. ಕಂಕುಳಲ್ಲಿ ಮೊಮ್ಮಗ.

"ಹರಳೆಣ್ಣೆ ಕಾಯಿಸ್ತಿದ್ದೀರಂತಲ್ಲಪ್ಪ. ಒಂಚೂರು ಕೊಡು. ಈ ಮಗೀಗೆ ನೆನ್ನೆ ಮೊನ್ನೆಯಿಂದ ಹೊರಕ್ಕೇ ಆಗಿಲ್ಲ."

ಬೆರೆಸಿದ್ದು ವಿಷ, ಕೊಡೋ ಹಾಗಿಲ್ಲ. ಗಾಣದಿಂದ ತಂದ ಶೀಸೆಯಲ್ಲಿ ಬರೀ ಎಣ್ಣೆ ಉಳಿದಿತ್ತು. ಅದನ್ನ ಕೊಟ್ಟೆ.

ಬೆಳಗ್ಗೆ ಅಜ್ಜಿ ಬಂದು ಅವಳ ಮಂಚದ ಹತ್ತಿರ ಕೂತಿತು. "ಎಂಥಾ ಎಣ್ಣೆ ಕಣಮ್ಮ ಅದು! ನಾಲಿಗೆಗೆ ಮುಟ್ಟಿಸಿದ್ದಷ್ಟೇ. ಚಡ್ಡಿ ಬಿಚ್ಚೋಕೂ ಟೈಮು ಕೊಡ್ಲಿಲ್ಲ."

ಅವಳು ನನ್ನ ಕಡೆ ತಿರುಗಿದಳು.

"ನೋಡುದ್ರಾ, ನಿಮ್ ಇಂಜಿನ್ಗಿಂತ ಮೊದ್ಲು ಮಗ ಸ್ಟಾರ್ಟ್ ಆಯ್ತು."

ಕಂಬಳಿ

ಬೆಂಗಳೂರಿನವರು ಇನ್ನೊಂದು ಮಾತು ಹೇಳಿದರು. ಟ್ಯಾಂಕನ್ನ ಹಾಗೇ ಬಿಗಿದು ಕೂರಿಸಬಾರದು. ಇಂಜಿನ್ನು ನಡುಗಿದರೆ ಒಳಗಿನ ಎಣ್ಣೆ ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತೆ. ಸುತ್ತ ಸ್ಪಂಜು ಸುತ್ತಬೇಕು.

ಸ್ಪಂಜು ನನ್ನ ಹತ್ತಿರ ಇರಲಿಲ್ಲ. ಕರಿ ಕಂಬಳಿ ಇತ್ತು. ಅದರ ಮೂಲೆ ಕತ್ತರಿಸಿ ಟ್ಯಾಂಕಿಗೆ ಸುತ್ತಿದೆ. ಮೂತಿಯೊಳಗೆ ತೂರಿಸಿದರೆ ಹೋಗಲಿಲ್ಲ. ತೆಗೆದೆ. ಇನ್ನೊಂಚೂರು ಕತ್ತರಿಸಿದೆ. ಮತ್ತೆ ಸುತ್ತಿದೆ. ಬೆಳಗಿಂದ ಅದೇ ಮಾಡ್ತಿದ್ದೆ.

ಎದುರಿಗೆ ಒಬ್ಬ ರೈತ ಕಾದು ಕೂತಿದ್ದ. ಅವನ ಔಷಧಿ ಮಿಷನ್ನು ನನ್ನ ಅಂಗಡೀಲಿ ಬಿಚ್ಚಿ ಬಿದ್ದಿತ್ತು. ಹೊಲದಲ್ಲಿ ಅವನ ಕಡ್ಲೆಕಾಯಿ ಗಿಡಕ್ಕೆ ಹುಳ ಹತ್ತಿತ್ತು.

"ನನ್ ಮಿಷನ್ನು ಮಳೇಲಿ ನೆನೀತಿದ್ರೂ ಒಂದು ಗೋಣಿಚೀಲ ಹೊದ್ಸಿಲ್ಲ ನೀನು. ಇದಕ್ಕೆ ಕಂಬ್ಳಿನಾ? ಏನಣ್ಣ, ಚಳಿಜ್ವರ ಬಂದೈತಾ ಇದಕ್ಕೆ?"

ನಾನು ಕಂಬಳಿಯ ಇನ್ನೊಂದು ಅಂಚು ಕತ್ತರಿಸಿದೆ.

"ನಂದು ಯಾವಾಗ ಕೊಡ್ತೀಯ? ಅದನ್ನಾರ ಹೇಳ್ಬುಡು."

ಒಳಗಿಂದ ಅವಳು ಅಂದಳು. "ವಿಮಾನದ ಕೆಲ್ಸ ಮುಗುದ್ಮೇಲೆ ಕಣಪ್ಪ."

"ಅದ್ಯಾವಾಗ ಮುಗೀತದಮ್ಮ?"

"ಮುಗ್ಯಾಕಿಲ್ಲ. ಇದು ಹಾರೋದ್ ನೋಡ್ಕಂಡೇ ಹೋಗ್ತೀನಿ ಅಂತ ಬಾಯ್ತಪ್ಪಿ ಅಂದ್ಬುಟ್ಟೆ. ಅವತ್ತಿಂದ ಅದಕ್ಕೆ ಕಂಬ್ಳಿ ಹೊದ್ಸಿ ಮಲಗಿಸ್ತಾವ್ರೆ ನಮ್ಮೋರು."

ರೈತ ನನ್ನ ಮುಖ ನೋಡಿದ. ಕಂಬಳಿ ನೋಡಿದ. ಎದ್ದು ಪಂಚೆ ಕೊಡವಿಕೊಂಡ.

"ನಂದು ನಿಧಾನಕ್ಕೇ ಆಗ್ಲಿ ಬುಡಣ್ಣ. ಹುಳ ಎಷ್ಟೂಂತ ತಿಂದಾತು" ಅಂತ ಹೊರಟುಹೋದ.

ಅವನ ಮಿಷನ್ನು ಅವತ್ತೇ ಮಾಡಿದೆ. ಮೊಪೆಡ್ ಮೇಲೆ ಅವನ ಊರಿಗೇ ತಗೊಂಡು ಹೋಗಿ ಕೊಟ್ಟೆ. "ಯಾರಣ್ಣ ನಿಂಗೆ ಇಷ್ಟು ಬೇಗ ಮಾಡು ಅಂದೋರು?" ಅಂತ ರೇಗಿದ. ಕೆಲಸ ಬೇಗ ಮುಗಿಸಿದ್ದಕ್ಕೆ ಗಿರಾಕಿ ಕೈಲಿ ಬೈಸಿಕೊಂಡಿದ್ದು ಅದೊಂದೇ ಸಲ.

ಪೂಜೆ

ನಮ್ಮ ಕಡೆ ಗಾಡಿ ಪೂಜೆ ಆಗದೆ ರಸ್ತೆಗೆ ಇಳಿಯೋದಿಲ್ಲ. ಮೇಲಕ್ಕೆ ಹೋಗೋದಕ್ಕೆ ಪೂಜೆ ಬೇಡವಾ ಅಂದ ಬಾಮೈದ. ಊರಮ್ಮನ ಗುಡಿ ಪೂಜಾರಿನ ಕರಕೊಂಡು ಬಂದ. ವಿಮಾನ ಅಂಗಡಿ ಮುಂದೆ ಇಟ್ಟೆವು. ಖಾಲಿ ಟ್ಯಾಂಕಿಗೆ ಪೂಜೆ ಮಾಡಬಾರದು ಅಂದರು. ಬಾಯಿಮಟ ತುಂಬಿಸಿದೆವು.

ಪೂಜಾರಿ ಒಂದು ಸುತ್ತು ಬಂದರು. ಕುಂಕುಮ ಇಟ್ಟರು. ಹಾರ ಮೂತಿಗೆ ಹಾಕೋಕೆ ಹೋದರು, ಬಾಲಕ್ಕೆ ಹಾಕಿಸಿದೆ. ಆಮೇಲೆ ಹಿಂದಿನ ಎರಡು ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು. ಚಕ್ರವೂ ನಿಂಬೆಹಣ್ಣೂ ಒಂದೇ ಗಾತ್ರ. ತೂರಿಸಿದರು. ವಿಮಾನದ ಹಿಂಭಾಗ ಮೇಲೆದ್ದಿತು, ಮೂತಿ ನೆಲ ನೋಡಿತು. ಟ್ಯಾಂಕಿನ ಎಣ್ಣೆ ಮುಂದಕ್ಕೆ ಹರಿದು ಹೊಗೆ ಕೊಳವೆಯಿಂದ ತೊಟ್ಟಿಕ್ಕೋಕೆ ಶುರುವಾಯಿತು. ಅಷ್ಟರಲ್ಲಿ ಪೂಜಾರಿ ಕರ್ಪೂರ ಹಚ್ಚಿದರು.

"ಅಯ್ನೋರೆ, ಹತ್ರ ತರಬ್ಯಾಡಿ!" ಅಂದೆ.

"ಹಚ್ಚಿದ್ ಮ್ಯಾಲೆ ಆರಿಸೋ ಹಾಗಿಲ್ಲಪ್ಪ."

"ಹಂಗಾದ್ರೆ ದೂರದಿಂದ ಮಾಡಿ."

"ಎಷ್ಟು ದೂರ?"

"ರಸ್ತೆ ಆಚೆಯಿಂದ."

ಅವರು ರಸ್ತೆ ದಾಟಿದರು. ಅಲ್ಲಿಂದ ಆರತಿ ಎತ್ತಿದರು. ನಡುವೆ ಟೀ ಕುಡಿಯೋಕೆ ಬಂದವನೊಬ್ಬನ ಮೊಪೆಡ್ಡು ನಿಂತಿತ್ತು. ವಾರ ವಾರ ನನ್ನ ಅಂಗಡಿಗೆ ಬರ್ತಿದ್ದ ಮೊಪೆಡ್ಡು. ಆರತಿಯೆಲ್ಲ ಅದಕ್ಕೇ ಆಯಿತು.

ವಿಮಾನ ಅವತ್ತೂ ಸ್ಟಾರ್ಟ್ ಆಗಲಿಲ್ಲ. ಆ ಮೊಪೆಡ್ಡು ಮತ್ತೆ ಕೆಡಲೇ ಇಲ್ಲ. ನಾನು ಒಬ್ಬ ಖಾಯಂ ಗಿರಾಕಿನ ಕಳಕೊಂಡೆ.

ಅವಳು ಕಿಟಕಿಯಿಂದ ಎಲ್ಲ ನೋಡಿದ್ದಳು. "ಆ ಮೊಪೆಡ್ ಪಕ್ಕ ನನ್ ಮಂಚನೂ ಹಾಕ್ಬೇಕಾಗಿತ್ತು ನೀವು" ಅಂದಳು.

ಹಾರಿದ್ದು

ಅಳತೆ ನೋಡಿ ಎಣ್ಣೆ ಬೆರೆಸಿದ ಮೇಲೆ ಇಂಜಿನ್ನು ಓಡಿತು. ಮೂತಿ ಎತ್ತಿದರೂ ಓಡಿತು, ಇಳಿಸಿದರೂ ಓಡಿತು. ಇನ್ನು ನೆಪ ಇರಲಿಲ್ಲ.

ಅವಳ ತವರು ವೈ.ಎನ್.ಹೊಸಕೋಟೆ ಹತ್ತಿರ. ಕಡ್ಲೆಕಾಯಿ ಕಿತ್ತು ಹೊಲ ಬಯಲಾಗಿತ್ತು. ಬಾಮೈದ ಒಂದು ವ್ಯಾನು ಮಾಡಿಕೊಂಡು ಬಂದ. ಹಿಂದೆ ಹಾಸಿಗೆ ಹಾಸಿ ಅವಳನ್ನ ಮಲಗಿಸಿದೆವು. ಪಕ್ಕಕ್ಕೆ ವಿಮಾನ. ನಿಧಾನಕ್ಕೆ ಹೋಗಪ್ಪ ಅಂದೆ ಡ್ರೈವರಿಗೆ. ವಿಮಾನಕ್ಕೆ ಪೆಟ್ಟಾಗ್ತದೆ ಅಂತಲಾ, ಅಮ್ಮಂಗೆ ಅಂತಲಾ ಅಂತ ಕೇಳಿದ. ನಿಧಾನಕ್ಕೆ ಹೋಗು ಅಂದೆ.

ಹೊಲದ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅದಕ್ಕೊಂದು ಛತ್ರಿ ಕಟ್ಟಿ, ಅವಳನ್ನ ಕೂರಿಸಿದೆವು. ಟ್ಯಾಂಕಿನ ಬಿರಡೆ ಇನ್ನೊಂದು ಸಲ ನೋಡ್ತೀನಿ ಅಂದೆ.

"ನೋಡಿದ್ದು ಸಾಕು. ಬುಡಿ ಅದನ್ನ" ಅಂದಳು.

ಬಿಟ್ಟೆ. ಬಾಮೈದ ರಿಮೋಟ್ ಹಿಡಿದ. ವಿಮಾನ ಬಂಡಿಜಾಡಿನ ಮೇಲೆ ಓಡಿತು. ಕುಪ್ಪಳಿಸಿತು. ಮೇಲೆದ್ದಿತು. ಹಾರಿತು.

ಅವಳು ಛತ್ರಿಯಿಂದಾಚೆ ತಲೆ ಚಾಚಿ ನೋಡ್ತಿದ್ದಳು. ನಾನು ಅವಳನ್ನ ನೋಡ್ತಿದ್ದೆ.

"ಹಾರ್ತಿರೋದು ವಿಮಾನ. ನಾನಲ್ಲ. ಅಲ್ನೋಡಿ" ಅಂದಳು.

ನೋಡಿದೆ. ಸುತ್ತಿನ ಮೇಲೆ ಸುತ್ತು ಹಾಕ್ತಿತ್ತು. ಸಾಕು ಇಳಿಸಪ್ಪ ಅಂದೆ. ಬಾಮೈದ ರಿಮೋಟ್ ನೋಡಿದ. ನನ್ನ ಕಡೆ ನೋಡಿದ.

"ಭಾವ, ಇಳಿಸೋದು ಗೊತ್ತಿಲ್ಲ."

"ಕಲ್ತಿದೀನಿ ಅಂದ್ಯಲ್ಲೋ!"

"ಫೋನಲ್ಲಿ ನೋಡಿ ಕಲ್ತೆ. ಏರಿಸೋದಕ್ಕೆ ಒಂದು ವಿಡಿಯೋ, ಇಳಿಸೋದಕ್ಕೆ ಇನ್ನೊಂದು. ಮೊದಲನೇದು ಮಾತ್ರ ನೋಡ್ದೆ. ಇದು ಏರ್ತದೆ ಅಂತ ಯಾರಿಗೆ ಗೊತ್ತಿತ್ತು ಭಾವ?"

ಎಣ್ಣೆ ಮುಗಿದರೆ ತಾನೇ ಇಳಿಯುತ್ತೆ ಅಂದೆ. ಎಣ್ಣೆ ಮುಗಿಯಲಿಲ್ಲ. ಟ್ಯಾಂಕು ತರಿಸುವಾಗ ಹಿಡಿಸೋದ್ರಲ್ಲಿ ದೊಡ್ಡದು ತರಿಸು ಅಂದವನು ನಾನೇ. ಔಷಧಿ ಮಿಷನ್ನಿಗೆ ಎಲ್ಲರೂ ಹಾಗೇ ಕೇಳೋದು. ಹೊಲದ ನಡುವೆ ನಿಂತು ಮತ್ತೆ ಮತ್ತೆ ತುಂಬಿಸೋರು ಯಾರು?

ತವರುಮನೆಯಿಂದ ಟೀ ಬಂತು. ಕುಡಿದೆವು. ಲೋಟ ತೊಳೆದೂ ಆಯಿತು. ಅದು ಹಾರ್ತಾನೇ ಇತ್ತು. ಬಾಮೈದನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ನಾನು ಕೈ ಮುಗಿದು ನಿಂತಿದ್ದೆ.

"ಹಾರ್ಲಿ ಅಂತ ನಾನು ಹರಕೆ ಹೊತ್ತಿದ್ದೆ. ನಂದು ತೀರ್ತು" ಅಂದಳು ಅವಳು. "ಇಳೀಲಿ ಅನ್ನೋದು ನಿಮ್ಮಿಬ್ರ ಹರಕೆ. ನನ್ನ ಸೇರುಸ್ಬ್ಯಾಡಿ."

ಆಮೇಲೆ ಸದ್ದು ನಿಂತಿತು. ಎದುರಿಗೆ ಸೂರ್ಯ. ವಿಮಾನ ಕಾಣಲಿಲ್ಲ. ನಾವಿಬ್ಬರೂ ಹಣೆಗೆ ಕೈ ಅಡ್ಡ ಹಿಡಿದು ಹುಡುಕಿದೆವು. "ಅಗೋ ಭಾವ!" ಅಂದ ಬಾಮೈದ. ಹದ್ದು. "ಅಲ್ಲಿ!" ಅಂದೆ ನಾನು. ಅದೂ ಹದ್ದು.

ಮಿಕ್ಕಿದ್ದು ಅವಳು ಆಮೇಲೆ ಹೇಳಿದ್ದು. ಅಷ್ಟೊತ್ತಿಗೆ ಅದು ಸದ್ದಿಲ್ಲದೆ ತೇಲಿಕೊಂಡು ಬಂದು, ನಮ್ಮ ಬೆನ್ನ ಹಿಂದೆ ಮೇಯ್ತಿದ್ದ ಕುರಿಗಳ ನಡುವೆ ಕೂತಿತ್ತು. ಕುರಿ ಕಾಯೋನು ಅದನ್ನ ಮರಿ ಎತ್ತಿಕೊಂಡ ಹಾಗೆ ಕಂಕುಳಲ್ಲಿ ಇರುಕಿಕೊಂಡು ಬಂದ. ಛತ್ರಿ ಕೆಳಗೆ ಕುರ್ಚಿ ಮೇಲೆ ಕೂತವಳೇ ಯಜಮಾನಿ ಅಂದುಕೊಂಡು ಅವಳ ಮುಂದೆ ನಿಂತ.

"ಏಮಮ್ಮಾ, ಇದಿ ಮೀದೇನಾ?" ಅಂದ. ಇದು ನಿಮ್ಮದಾ ಅಂತ ತೆಲುಗಿನಲ್ಲಿ ಕೇಳಿದ್ದು. ಆಮೇಲೆ ಕನ್ನಡದಲ್ಲಿ ಬೈದ. "ನನ್ ಕುರಿಗಳೊಳಕ್ಕೆ ನುಗ್ಗಿ ಬಂದೈತೆ. ನಾವು ಒಂದು ಮರಿನೂ ಹಿಂಗೆ ಬುಡಾಕಿಲ್ಲ. ಇದನ್ನ ಕಾಯೋರು ಯಾರೂ ಇಲ್ವಾ?"

ಅವಳು ನಮ್ಮ ಕಡೆ ಬೆರಳು ತೋರಿಸಿದಳಂತೆ.

"ಇಬ್ರು ಅವ್ರೆ ಕಣಪ್ಪ. ಅಗಾ, ಇನ್ನೂ ಮೇಲೇ ನೋಡ್ತಾ ನಿಂತವ್ರೆ."